ಹಿತಕಿದ ಬೇಳೆಯ ದ್ರೌಪದಮ್ಮ

ನಮ್ಮಮ್ಮ ದ್ರೌಪದಮ್ಮ ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಹಿತಕಿದ ಅವರೆಬೇಳೆ ಮಾರುತ್ತಿದ್ದಳು. ಡಿಸೆಂಬರ್ ಬಂತೆಂದರೆ ಮನೆಯೆಲ್ಲ ಅವರೆಯ ಸೊಗಡು. ನೆನೆಸಿಕೊಂಡರೆ ಈಗಲೂ ಹಸಿವಾಗುತ್ತದೆ.

೨೦೦೬ರ ಜನವರಿಯ ಹೊತ್ತಿಗೆ ನಾನು ಸಾಫ್ಟ್‌ವೇರ್ ಕೆಲಸದ ಎರಡು ಇಂಟರ್‌ವ್ಯೂಗಳಲ್ಲಿ ಒಂದೇ ಪ್ರಶ್ನೆಗೆ ಮುಗ್ಗರಿಸಿದ್ದೆ. ಹಬ್ಬದ ದಿನ ಲಕ್ಷ ಜನ ಒಟ್ಟಿಗೇ ರೈಲು ಟಿಕೆಟ್ ಕೇಳಿದರೆ ನಿಮ್ಮ ವೆಬ್‌ಸೈಟ್ ಹೇಗೆ ತಾಳಿಕೊಳ್ಳುತ್ತದೆ? ದೊಡ್ಡ ಸರ್ವರ್ ಹಾಕುತ್ತೇನೆ ಎಂದಿದ್ದೆ. ಅದೇ ಕೆಟ್ಟರೆ ಎಂದರು. ಸಿಸ್ಟಂ ಡಿಸೈನ್ ಅನ್ನುವುದನ್ನು ನಮಗೆ ಕಾಲೇಜಿನಲ್ಲಿ ಕಲಿಸಿರಲೇ ಇಲ್ಲ. ದಪ್ಪ ಪುಸ್ತಕ ತಂದೆ, ಒಂದಕ್ಷರ ತಲೆಗೆ ಹತ್ತಲಿಲ್ಲ. ಸೋಮವಾರ ಮೂರನೆಯ ಇಂಟರ್‌ವ್ಯೂ. ಇದೂ ಹೋದರೆ ಗಂಡು ನೋಡುವುದೇ ಸೈ ಎಂದು ಅಪ್ಪ ಹೇಳಿಯಾಗಿತ್ತು.

ಸಂಕ್ರಾಂತಿಗೆ ಮುಂಚಿನ ಭಾನುವಾರ ಪುಸ್ತಕ ಹಿಡಿದು ಅಮ್ಮನ ಪಕ್ಕ ಕೂತೆ. ಜನ ಮುಗಿಬಿದ್ದಿದ್ದರು. ದಿನಾ ಬರುವವರಿಗೆಂದು ಐದು ಸೇರು ಬೇಳೆ ಬೋಸಿಯಲ್ಲಿ ಸಿದ್ಧವಿತ್ತು. ಅದು ಅರ್ಧವಾಗುತ್ತಲೇ ಹಿಂದಿನ ಬೀದಿಯ ಮುನಿಯಮ್ಮ, ನಾರಾಯಣಮ್ಮ ತಮ್ಮ ಮನೆಗಳಲ್ಲಿ ನೆನೆಸಿದ ಕಾಳನ್ನು ಹಿತಕಿ ತಂದುಕೊಡಬೇಕು. ಆವತ್ತು ಮುನಿಯಮ್ಮ ಬರಲೇ ಇಲ್ಲ. ನನಗೆ ಗಾಬರಿ.

"ಈಗೇನ್ ಮಾಡ್ತೀಯಮ್ಮ?"

"ಅವ್ಳ ಪಾಲಿನಷ್ಟೇ ಕಾಳ್ನ ನಾರಾಯಣಮ್ಮನ ಮನೇಲೂ ನೆನೆ ಹಾಕ್ಸಿವ್ನಿ. ಒಬ್ಬಳ್ನೇ ನಂಬ್ಕೊಂಡ್ ಕೂತ್ರೆ ಯಾಪಾರ ಆದಂಗೇ."

"ಇಬ್ರೂ ತಂದು ಮಿಕ್ಕೋದ್ರೆ?"

"ಸಾರು ಮಾಡ್ತೀನಿ, ತಿನ್ನು."

ಪುಸ್ತಕ ಮುಚ್ಚಿದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಪೆದ್ದಿ ನಾನು. ಹೆಚ್ಚು ಜನ ಕೇಳುವುದನ್ನು ಮೊದಲೇ ಕೈಗೆಟುಕುವಂತೆ ಇಡು, ಕೆಲಸವನ್ನು ಹಂಚು, ಒಂದು ಕೈಕೊಟ್ಟರೆ ಇನ್ನೊಂದು ಇರಲಿ. ಆ ದಪ್ಪ ಪುಸ್ತಕ ಬಡಬಡಿಸುತ್ತಿದ್ದುದೂ ಇಷ್ಟನ್ನೇ.

ಸೋಮವಾರ ಬೋರ್ಡಿನ ಮೇಲೆ ಅದನ್ನೇ ಬರೆದೆ, ಬೋಸಿ ಇದ್ದಲ್ಲಿ ಮಾಹಿತಿಯನ್ನು ಸಿದ್ಧವಾಗಿಡುವ ಕ್ಯಾಶ್ ಮೆಮೊರಿ, ಹೆಂಗಸರಿದ್ದಲ್ಲಿ ಸರ್ವರ್ ಎಂದು. ಕೇಳುತ್ತಿದ್ದವರಿಗೆ ಖುಷಿಯಾಯಿತು.

"ಚೆನ್ನಾಗಿ ಹೇಳಿದ್ರಿ. ಯಾರ್ ಹೇಳ್ಕೊಟ್ರು ನಿಮಗೆ?"

ಫುಟ್‌ಪಾತಿನಲ್ಲಿ ಬೇಳೆ ಮಾರುವ ನಮ್ಮಮ್ಮ ಎನ್ನಲು ನಾಚಿಕೆಯಾಯಿತು. "ಪುಸ್ತಕ ಓದ್ದೆ ಸರ್" ಎಂದುಬಿಟ್ಟೆ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಕೆಲಸ ಸಿಕ್ಕಿತು. ಅಮ್ಮನ ಸಂಭ್ರಮ ನೋಡಬೇಕಿತ್ತು, ಬೇಳೆಗೆ ಬಂದವರಿಗೆಲ್ಲ ಅದೇ ಸುದ್ದಿ. ಯಾರೋ ಒಬ್ಬರು, "ಮಗಳನ್ನ ಚೆನ್ನಾಗಿ ತಯಾರ್ ಮಾಡಿದೀರಿ ಬಿಡಿ" ಎಂದರು.

"ನಂಗದೆಲ್ಲ ಏನ್ ತಿಳೀತದೆ ತಾಯಿ" ಎಂದಳು ಅಮ್ಮ. "ಎಲ್ಲಾ ಅವ್ಳೇ ಪುಸ್ತಕ ಓದ್ಕೊಂಡ್ ಕಲ್ತಿದ್ದು."

ನಾನು ಪಕ್ಕದಲ್ಲೇ ಕೂತು ಬೇಳೆ ಅಳೆಯುತ್ತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.