ಫರೀದಾ ಆಪಾ ನೋಡಿದ ವಜ್ರಪಕ್ಷಿ

ಬ್ಲೌಸಿಗೆ ಅಳತೆ ತೆಗೆಯುವಾಗ ಫರೀದಾ ಆಪಾ ಹೊಸ ಗಿರಾಕಿಗಳನ್ನು ಮೊದಲು ಕೇಳುತ್ತಿದ್ದದ್ದು ತೋಳು ಎಷ್ಟುದ್ದ ಇರಲಿ ಎಂದಲ್ಲ, 'ವಜ್ರಪಕ್ಷಿ' ಸಿನಿಮಾ ನೋಡಿದ್ದೀರಾ, ನೋಡಿದ್ದರೆ ಯಾವ ಊರಲ್ಲಿ ಎಂದು. ಅಜ್ಜಂಪುರದ ಟಾಕೀಸಿನಲ್ಲಿ ನೋಡಿದೆ ಅಂದವರ ಬ್ಲೌಸು ಹೇಳಿದ ದಿನಕ್ಕೆ ಸಿದ್ಧ. ನೋಡಿಯೇ ಇಲ್ಲ ಅಂದವರಿಗೆ ಅಳತೆ ಮುಗಿಯುವುದರೊಳಗೆ ಪೂರ್ತಿ ಕಥೆ ಕೇಳುವ ಯೋಗ. ತರೀಕೆರೆಯಲ್ಲಿ ನೋಡಿದೆ ಅಂದವರು ಮಾತ್ರ ಹಬ್ಬ ಕಳೆದ ಮೇಲೆ ಬ್ಲೌಸು ತೊಡಬೇಕು. ನಾನು ಹುಟ್ಟಿ ಬೆಳೆದದ್ದು ತರೀಕೆರೆಯಲ್ಲಿ. ಅಜ್ಜಂಪುರದ ಸ್ಕೂಲಿಗೆ ಟೀಚರಾಗಿ ಬಂದು, ಆಪಾ ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದ ವರ್ಷ ನನ್ನ ಯುಗಾದಿ ಬ್ಲೌಸು ಕೈಗೆ ಬಂದದ್ದು ಬೇಸಿಗೆ ರಜೆ ಅರ್ಧ ಮುಗಿದ ಮೇಲೆ.

'ವಜ್ರಪಕ್ಷಿ' ಅಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಕಾಲು ಶತಮಾನದ ಹಿಂದೆ ಕನ್ನಡದಲ್ಲಿ ಬಂದ, ಆಕಾಶದಲ್ಲಿ ಹಾರುವ ಹೀರೋ ಸಿನಿಮಾ. ಕರೆಂಟ್ ಕಂಬ ಹತ್ತುವ ಬಡ ಲೈನ್‌ಮನ್ನು, ಅವನಿಗೊಬ್ಬಳೇ ತಂಗಿ. ಯಾರೋ ದುಷ್ಟರು ಮನೆಗೆ ಬೆಂಕಿ ಇಟ್ಟು ಅವಳು ಸಾಯುತ್ತಾಳೆ. ಅದೇ ದುಃಖದಲ್ಲಿ ಕಂಬದ ಮೇಲೆ ಕೂತಿದ್ದಾಗ ಸಿಡಿಲು ಹೊಡೆದು ಅವನಿಗೆ ಹಾರುವ ಶಕ್ತಿ ಬರುತ್ತದೆ. ಆಮೇಲೆ ಕೆಂಪು ಹೊದಿಕೆ, ಹೊಡೆದಾಟ, ದುಷ್ಟರ ಸಂಹಾರ. ದೊಡ್ಡ ಊರುಗಳಲ್ಲಿ ವಾರಕ್ಕೇ ಎತ್ತಂಗಡಿಯಾಯಿತು. ನಿರ್ಮಾಪಕರಿಗೂ ಹಂಚಿಕೆದಾರರಿಗೂ ಜಗಳ ಹತ್ತಿ ಕೋರ್ಟಿಗೆ ಹೋದರು. ಹಾಗಾಗಿ ಅದು ಟೀವಿಯಲ್ಲಿ ಬರಲಿಲ್ಲ, ಸೀಡಿ ಆಗಲಿಲ್ಲ. ಫೋನಿನಲ್ಲಿ ಹುಡುಕಿದರೆ ಒಂದು ಹಾಡು ಸಿಗುತ್ತಿತ್ತು, ಅದೂ ಅರ್ಧ.

ಅಜ್ಜಂಪುರದಲ್ಲಿ ಮಾತ್ರ ಎರಡು ವಾರ ಓಡಿತು. ಟಾಕೀಸಿನ ಮುಂದೆ ನಿಲ್ಲಿಸಿದ ಹೀರೋನ ಕಟೌಟಿಗೆ ನಿಜವಾದ ಬಟ್ಟೆಯ ಹೊದಿಕೆ ಬೇಕೆಂದು ಮಾಲೀಕರಿಗೆ ಹುಕಿ ಬಂದು, ಆಗಷ್ಟೇ ಹೊಲಿಗೆ ಅಂಗಡಿ ಇಟ್ಟಿದ್ದ ಫರೀದಾ ಆಪಾಗೆ ಹೇಳಿದರು. ಹಳೆಯ ಶಾಮಿಯಾನದ ಕೆಂಪು ಬಟ್ಟೆ ಬಿಚ್ಚಿ, ಮನೆಯೊಳಗೆ ಜಾಗ ಸಾಲದೆ ರಸ್ತೆಯಲ್ಲೇ ಹಾಸಿ, ಹೊಲಿದು ಕೊಟ್ಟರಂತೆ. "ಗಾಳಿ ಬಂದ್ರೆ ಹೀರೋ ನಿಜ್ವಾಗ್ಲೂ ಹಾರೋಗ್ತಾನೆ ಅನ್ನಂಗಿತ್ತು ಕಣ್ರೀ ಮೇಡಂ. ಹಂಗಂತ ಎರಡು ಕಡೆ ಹಗ್ಗ ಕಟ್ಸಿದ್ದೆ" ಎನ್ನುವಾಗ ಅವರ ಮುಖದಲ್ಲಿ ಮದುವೆ ಮಾಡಿಸಿದ ಕಳೆ ಇರುತ್ತಿತ್ತು. ಮೊದಲ ದಿನ ಸಿನಿಮಾ ನೋಡಿ ಬಂದು, ಆ ಹೊಲಿಗೆಗೆ ಕೂಲಿಯಾಗಿ ಅವರು ಕೇಳಿದ್ದು ದಿನಾ ಮ್ಯಾಟಿನಿಗೆ ಬಿಟ್ಟಿ ಪ್ರವೇಶ.

ಅದಕ್ಕೊಂದು ಕಾರಣವಿತ್ತು. ಸಿನಿಮಾ ಬರುವುದಕ್ಕೆ ಸ್ವಲ್ಪ ಮುಂಚೆ ಆಪಾ ಅವರ ತಂಗಿ ಷಮೀಮ್ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ತಾಯಿಯಿಲ್ಲದ ಆ ಹುಡುಗಿಯನ್ನು ಎತ್ತಿ ಆಡಿಸಿ, ಲಂಗ ಹೊಲಿದು ಹಾಕಿ, ಯಗಟಿಗೆ ಮದುವೆ ಮಾಡಿಕೊಟ್ಟವರು ಇವರೇ. ಹೆರಿಗೆಗೆ ಕರೆತರಲು ಹೊರಡಬೇಕು ಅನ್ನುವಷ್ಟರಲ್ಲಿ ಸುದ್ದಿ ಬಂತು. ಊಟ ಬಿಟ್ಟು ಕೂತಿದ್ದ ಆಪಾರನ್ನು ಎಬ್ಬಿಸಿ ಹೊರಗೆ ಕರೆತಂದದ್ದು ಆ ಕೆಂಪು ಹೊದಿಕೆಯ ಕೆಲಸ.

ಅಜ್ಜಂಪುರದಲ್ಲಿ ಆಪಾ ನೋಡಿದ ಸಿನಿಮಾದ ಕೊನೆ ಬೇರೆ. ದುಷ್ಟರೆಲ್ಲ ಸತ್ತ ಮೇಲೆ ಹೀರೋ ಸಾದಾ ಖಾಕಿ ಅಂಗಿಯಲ್ಲಿ ಮನೆಗೆ ಬಂದು ಬಾಗಿಲು ತಟ್ಟುತ್ತಾನೆ. ಸತ್ತ ತಂಗಿ ಬಾಗಿಲು ತೆಗೆದು, "ಬಂದ್ಯಾ ಅಣ್ಣಾ? ಕೈಕಾಲು ತೊಳ್ಕೋ" ಎಂದು ಅನ್ನ ಬಡಿಸುತ್ತಾಳೆ. ಅಲ್ಲಿಗೆ ಸಿನಿಮಾ ಮುಗಿಯುತ್ತದೆ.

ನಾನು ಚಿಕ್ಕವಳಿದ್ದಾಗ ತರೀಕೆರೆಯಲ್ಲಿ ನೋಡಿದ ಸಿನಿಮಾದಲ್ಲಿ ಸತ್ತ ತಂಗಿ ಸತ್ತೇ ಹೋಗಿದ್ದಳು. ಹಾಗಂದ ದಿನವೇ ನಮ್ಮಿಬ್ಬರ ಸ್ನೇಹ ಶುರುವಾಯಿತು, ಜಗಳವೂ.

"ನೀವು ತರೀಕೆರೆಯವ್ರು ಕೊನೇ ರೀಲು ಬಿಟ್ಟು ಬಸ್ಸಿಗೆ ಓಡಿರ್ತೀರ."

"ನಮ್ಮೂರಲ್ಲಿ ಟಾಕೀಸಿಂದ ಮನೆಗೆ ನಡ್ಕೊಂಡ್ ಹೋಗ್ತಿದ್ವಿ ಆಪಾ, ಬಸ್ಸೆಲ್ಲಿ?"

"ಹಂಗಾದ್ರೆ ನಿದ್ದೆ ಮಾಡಿರ್ತೀರ. ಅವ್ನು ಕೊನೇಲಿ ಯಾಕೆ ಖಾಕಿ ಅಂಗಿ ಹಾಕಿರ್ತಾನೆ ಹೇಳಿ ನೋಡಾಣ? ಹೊದಿಕೆ ಎಲ್ಲೋಯ್ತು? ಶಕ್ತೀನೆಲ್ಲ ಮೇಲಿನವ್ನಿಗೆ ವಾಪಸ್ ಕೊಟ್ಟು ತಂಗೀನ ಬಿಡಿಸ್ಕೊಂಡು ಬಂದಿದಾನೆ. ಎಲ್ಲಾ ಹೀರೋಗಳೂ ಬಸ್ಸು ಎತ್ತುತಾರೆ, ಸೇತುವೆ ಎತ್ತುತಾರೆ. ತಂಗೀನ ವಾಪಸ್ ಕರ್ಕೊಂಡು ಬಂದವ್ನು ಇವನೊಬ್ನೇ."

ಇದು ಅವರೊಬ್ಬರ ಮಾತಾಗಿದ್ದರೆ ದುಃಖದಲ್ಲಿ ಏನೋ ಕಲ್ಪಿಸಿಕೊಂಡಿದ್ದಾರೆ ಅನ್ನಬಹುದಿತ್ತು. ಆದರೆ ಅಜ್ಜಂಪುರದ ನಡುವಯಸ್ಸಿನವರಲ್ಲಿ ಯಾರನ್ನು ಕೇಳಿದರೂ ಅದೇ ಕೊನೆ ಹೇಳುತ್ತಿದ್ದರು. ಹಾಲಿನ ಡೈರಿಯವರು, ನಮ್ಮ ಸ್ಕೂಲಿನ ಅಡುಗೆಯವರು, ಮಠದ ಹತ್ತಿರ ದಿನಸಿ ಅಂಗಡಿ ಇಟ್ಟಿರುವ ಗಂಭೀರ ಮನುಷ್ಯ ಕೂಡ. ನಾನೇ ನಿದ್ದೆ ಮಾಡಿದ್ದೆನೇನೋ ಎಂದು ಒಮ್ಮೊಮ್ಮೆ ಅನುಮಾನವಾಗುತ್ತಿತ್ತು.

ಆಪಾ ಕಾದದ್ದು ಆ ಸಿನಿಮಾ ಡಿಸ್ಕಾಗಿ ಮನೆಗೆ ಬರುವುದನ್ನು. ಪ್ರತಿ ವರ್ಷ ಅದು ಬಿಡುಗಡೆಯಾದ ದಿನ ಹತ್ತಿರ ಬಂದರೆ, "ಈ ವರ್ಷ ಬಿಡ್ತಾರೆ ನೋಡಿ" ಎನ್ನುತ್ತಿದ್ದರು. ಹತ್ತನೇ ವರ್ಷಕ್ಕೆ ಬರಲಿಲ್ಲ, ಇಪ್ಪತ್ತಕ್ಕೂ ಬರಲಿಲ್ಲ. ಕೊನೆಗೆ ಕೋರ್ಟಿನಲ್ಲಿ ರಾಜಿಯಾಯಿತು, ಇಪ್ಪತ್ತೈದರ ನೆನಪಿಗೆ ಏನೋ ಮಾಡುತ್ತಾರೆ ಎಂಬ ಸುದ್ದಿ ಹರಡಿ, ಫೇಸ್‌ಬುಕ್ಕಿನಲ್ಲಿ ಅಭಿಮಾನಿಗಳ ಗುಂಪು ಎದ್ದಿತು. ಸಂಜೆ ನಾನು ಸ್ಕೂಲಿಂದ ಬಂದೊಡನೆ ಆಪಾ ನನ್ನ ಫೋನಿಗೆ ಕೈ ಚಾಚುತ್ತಿದ್ದರು. ಗುಂಪಿನಲ್ಲಿ ಒಬ್ಬನಿಗೆ ಡಿಸ್ಕಿನ ಜೊತೆ ಪೋಸ್ಟರ್ ಬೇಕು, ಇನ್ನೊಬ್ಬನಿಗೆ ಶೂಟಿಂಗಿನ ದೃಶ್ಯಗಳು ಬೇಕು, ಮತ್ತೊಬ್ಬನಿಗೆ ಡಬ್ಬಿಯ ಮೇಲೆ ಹೀರೋನ ರುಜು ಬೇಕು. ಆಪಾ ನನ್ನ ಕೈಲಿ ಬರೆಸಿದ್ದು ಇಷ್ಟೇ: "ಸ್ವಾಮಿ, ನಾನು ಟೈಲರ್. ಕೊನೇಲಿ ಕತ್ತರಿ ಆಡ್ಸಿದ್ರೆ ನನಗೆ ಗೊತ್ತಾಗುತ್ತೆ." ಅದಕ್ಕೆ ಬಿದ್ದ ನಗುವಿನ ಚಿತ್ರಗಳನ್ನೆಲ್ಲ ಅವರು ಒಪ್ಪಿಗೆ ಎಂದೇ ತಿಳಿದರು.

ಡಿಸ್ಕು ಬಂತು. ನಾನೇ ತರಿಸಿದ್ದೆ. ಆಪಾ ಕವರು ಹೊಲಿದು ಧೂಳು ಬೀಳದಂತೆ ಇಟ್ಟಿದ್ದ ಹಳೆಯ ಪ್ಲೇಯರು ಅದನ್ನು ಒಳಗೆ ಎಳೆದುಕೊಂಡು ಹಾಗೇ ಹೊರಗೆ ಉಗುಳಿತು. ತರೀಕೆರೆಯಿಂದ ನನ್ನ ತಮ್ಮನ ಪ್ಲೇಯರು ತರಿಸುವ ಹೊತ್ತಿಗೆ ಭಾನುವಾರವಾಯಿತು. ಬೀದಿಯವರೆಲ್ಲ ನೋಡಲು ಕಾದಿದ್ದರು. "ಮೊದ್ಲು ನಾವಿಬ್ರೇ. ಕೊನೇಲಿ ತರೀಕೆರೆಯವ್ರ ಮುಖ ಹೆಂಗಾಗುತ್ತೆ ನಾನು ನೋಡ್ಬೇಕು" ಎಂದು ಆಪಾ ಬಾಗಿಲು ಹಾಕಿದರು.

ಶುರುವಾಗಿ ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ. ಖಾಕಿ ಅಂಗಿಯ ಹೀರೋ ಬಂದು ಬಾಗಿಲು ತಟ್ಟಿದ, ತಂಗಿ ಬಾಗಿಲು ತೆಗೆದಳು, ಕೈಕಾಲು ತೊಳ್ಕೋ ಅಂದಳು.

"ಅರೆ, ಇದು ಇಲ್ಯಾಕೆ ಬಂತು?" ಎಂದರು ಆಪಾ. ಸ್ವಲ್ಪ ಹೊತ್ತಿನ ಮೇಲೆ ತಮಗೆ ತಾವೇ, "ಎರಡು ಸಲ ತೋರಿಸ್ತಾರೇನೋ" ಎಂದುಕೊಂಡರು.

ಆಮೇಲೆ ತಂಗಿ ಸತ್ತಳು, ಸಿಡಿಲು ಹೊಡೆಯಿತು, ಕೆಂಪು ಹೊದಿಕೆ ಹಾರಿತು. ತಮ್ಮ ಪ್ರೀತಿಯ ಹೊದಿಕೆಯ ಕಡೆಗೂ ಆಪಾರ ಗಮನವಿರಲಿಲ್ಲ. ಕೊನೆಯ ದುಷ್ಟ ಬಿದ್ದ, ಹೀರೋ ಒಬ್ಬನೇ ಗುಡ್ಡದ ಮೇಲೆ ನಿಂತ, ಹೆಸರುಗಳು ಮೇಲೇರತೊಡಗಿದವು. ನಾನು ರಿಮೋಟಿಗೆ ಕೈ ಹಾಕಿದರೆ ಆಪಾ ನನ್ನ ಕೈ ಹಿಡಿದುಕೊಂಡರು. ಹೆಸರುಗಳು ಮುಗಿದು ಟೀವಿ ಕಪ್ಪಾದ ಮೇಲೂ ಹಿಡಿದೇ ಇದ್ದರು.

"ನೀವೇ ಸರಿ ಕಣ್ರೀ ಮೇಡಂ" ಎಂದರು ಕೊನೆಗೆ.

ಇಷ್ಟು ವರ್ಷದ ಜಗಳ ಗೆದ್ದ ನನಗೆ ತಲೆ ಎತ್ತಲಾಗಲಿಲ್ಲ. ನಾನು ಸೋಲಬೇಕಿತ್ತು. ಮನಸಾರೆ ಹೇಳುತ್ತೇನೆ, ಆವತ್ತು ನಾನು ಸೋಲಬೇಕಿತ್ತು.

ಡಿಸ್ಕಿನವರೇ ಕತ್ತರಿ ಹಾಕಿದ್ದಾರೆ ಎಂಬ ಒಂದು ಆಸೆ ಇನ್ನೂ ಉಳಿದಿತ್ತು. ಅಜ್ಜಂಪುರದ ಟಾಕೀಸಿನಲ್ಲಿ ಆಗ ಆಪರೇಟರಾಗಿದ್ದ ಶಿವಲಿಂಗಣ್ಣ ಈಗ ಕಡೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾರೆ ಎಂದು ಯಾರೋ ಹೇಳಿದರು. ಮುಂದಿನ ಭಾನುವಾರ ಇಬ್ಬರೂ ಬಸ್ಸು ಹತ್ತಿ ಹೋದೆವು. ಶಿವಲಿಂಗಣ್ಣ ಮೋಟಾರೊಂದನ್ನು ಬಿಚ್ಚಿ ಹರಡಿಕೊಂಡು ಕೂತಿದ್ದರು. ಆಪಾರ ಪ್ರಶ್ನೆ ಕೇಳಿ ಮೊದಲು ಜೋರಾಗಿ ನಕ್ಕರು.

"ಅಯ್ಯೋ, ಅದಾ? ಒಂದೇ ಪ್ರಿಂಟು, ಎರಡು ಊರು ಕಣಮ್ಮ. ತರೀಕೆರೇಲಿ ಓಡಿದ ರೀಲು ಬೈಕಲ್ಲಿ ನಮ್ಮೂರಿಗೆ ಬರ್ಬೇಕು. ಮೊದಲ್ನೇ ದಿನ ಬೈಕಿನವ್ನು ಎರಡ್ನೇ ರೀಲಿನ ಡಬ್ಬ ಅಲ್ಲೇ ಮರ್ತು ಬಂದ್ಬಿಟ್ಟ. ಜನ ಸೀಟಿ ಹೊಡೀತಿದ್ರು. ನಾನು ಒಂದಾದ್ಮೇಲೆ ಮೂರು ಹಾಕ್ದೆ. ಪಿಕ್ಚರ್ ಮುಗಿಯೋ ಹೊತ್ಗೆ ಡಬ್ಬ ಬಂತು. ದುಡ್ಡು ಕೊಟ್ಟಿದೀವಿ, ಪೂರಾ ತೋರ್ಸು ಅಂತ ಗಲಾಟೆ. ಸರಿ, ಕೊನೇಗೆ ಅದ್ನೂ ಓಡಿಸ್ದೆ. ತಂಗಿ ಅನ್ನ ಬಡಿಸೋದು ಆ ರೀಲಿನ ಕೊನೇಲಿ ಇದ್ದಿದ್ದು."

"ಎರಡು ವಾರಾನೂ ಹಂಗೇ ಓಡ್ತಲ್ಲ?" ಆಪಾ ಬಿಡಲಿಲ್ಲ.

"ಮಾರ್ನೇ ದಿನ ಬೆಳಗಿನ ಆಟಕ್ಕೆ ಸರಿಯಾಗೇ ಹಾಕ್ದೆ ಕಣಮ್ಮ. ಮೊದಲ್ನೇ ದಿನ ನೋಡಿದವ್ರು ಮತ್ತೆ ಬಂದಿದ್ರಲ್ಲ, ತಂಗಿ ಎಲ್ಲೋ, ತಂಗೀನ ತೋರ್ಸೋ ಅಂತ ಕುರ್ಚಿ ಮುರ್ದಾಕಿದ್ರು. ಎರಡ್ನೇ ರೀಲು ಕೊನೇಗೆ ಹಾಕಿದ್ರೆ ಹೆಂಗಸ್ರು ಅಳ್ತಾ ನಗ್ತಾ ಮನೆಗೆ ಹೋಗೋರು. ನಂಗ್ಯಾಕೆ ಅಂತ ಹಂಗೇ ಬಿಟ್ಟೆ." ಅಷ್ಟರಲ್ಲಿ ಆಪಾ ಮುಖ ನೋಡಿ ಅವರ ನಗು ನಿಂತಿತು. "ತಪ್ಪಾಯ್ತೇನಮ್ಮಾ?"

"ಇಲ್ಲಣ್ಣ" ಎಂದರು ಆಪಾ. "ನೀವು ಹಾಕಿದ್ದೇ ಸರಿ ಇತ್ತು."

ವಾಪಸ್ಸು ಬರುವಾಗ ಬೀರೂರು ದಾಟುವವರೆಗೆ ಕಿಟಕಿಯಾಚೆ ನೋಡುತ್ತಿದ್ದವರು, "ಡಿಸ್ಕು ಬರ್ದೇ ಇದ್ದಿದ್ರೆ ಇನ್ನೂ ಕಾಯ್ಕೊಂಡಿರ್ತಿದ್ದೆ. ಕಾಯೋದೇ ಚೆನ್ನಾಗಿತ್ತು ಮೇಡಂ" ಎಂದರು. ಸಮಾಧಾನ ಹೇಳುವುದು ನನ್ನ ದಿನನಿತ್ಯದ ಕೆಲಸ, ಮಾರ್ಕ್ಸು ಕಮ್ಮಿ ಬಂದ ಮಕ್ಕಳಿಗೆ ಎಷ್ಟು ಬೇಕಾದರೂ ಹೇಳುತ್ತೇನೆ. ಆಪಾಗೆ ಮಾತ್ರ, ಕಿಟಕಿ ಗಾಳಿ ಜಾಸ್ತಿಯಾಯಿತಾ ಎಂದಷ್ಟೇ ಕೇಳಿದೆ. ಷಮೀಮ್ ಎರಡನೇ ಸಲ ಸತ್ತಂತೆ ಅವರು ಕೂತಿದ್ದರು.

ಆ ಜೂನ್‌ನಲ್ಲಿ ನನಗೆ ಕಡೂರಿಗೆ ವರ್ಗವಾಯಿತು. ಮಳೆಗಾಲ ಮುಗಿಯುವ ಮೊದಲೇ ಆಪಾ ಹೃದಯಾಘಾತದಿಂದ ತೀರಿಕೊಂಡರು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಆ ಸಿನಿಮಾದ ಬಗ್ಗೆ ಜಗಳ ಆಡಲು ನನಗೆ ಈಗ ಯಾರೂ ಇಲ್ಲ. ಹೇಳಿದ ದಿನಕ್ಕೆ ಬ್ಲೌಸು ಕೊಡುವ ಟೈಲರುಗಳು ಕಡೂರಿನಲ್ಲಿ ಬೇಕಾದಷ್ಟಿದ್ದಾರೆ.

ಅವರನ್ನು ಕೊನೆಯ ಸಲ ನೋಡಿದ್ದು ಸಾಮಾನು ಲಾರಿಗೆ ಹಾಕಿಸಿ ಹೇಳಿಹೋಗಲು ಅಂಗಡಿಗೆ ಹೋದಾಗ. ಹಾಲಿನ ಡೈರಿಯವರ ಹೆಂಡತಿ ಗಿರಿಜಕ್ಕ ಮಗಳ ಮದುವೆಯ ಬ್ಲೌಸು ಹಿಡಿದು ನಿಂತಿದ್ದರು.

"ಆಪಾ, ವಜ್ರಪಕ್ಷಿ ಡಿಸ್ಕು ಬಂತಂತೆ. ನಮಗ್ಯಾಕೆ ತೋರಿಸ್ಲಿಲ್ಲ ನೀವು?"

"ಮಿಷಿನ್ ಕೆಟ್ಟೋಗಿದೆ ಕಣೇ ಗಿರಿಜಾ."

"ಹೋಗ್ಲಿ, ನೀವು ನೋಡಿದ್ರಲ್ಲ. ಕೊನೇಗೆ ತಂಗಿ ಬರ್ತಾಳಲ್ವಾ?"

ಆಪಾ ಹೊಲಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

"ಬರ್ತಾಳೆ" ಎಂದರು ಆಪಾ. "ಬಾಗ್ಲು ತೆಗೀತಾಳೆ, ಅನ್ನ ಬಡಿಸ್ತಾಳೆ. ಎಲ್ಲಾ ಹಂಗೇ ಇದೆ."