ಲೈಲ್ ಕುಚೆರಾ ಬೀಗ ಹಾಕಿಟ್ಟ ಹೆಲ್ಮೆಟ್

“ಅಮ್ಮಾ, ನಮ್ಮ ಟೀಮ್ ಸೋಲ್ಲಿ ಅಂತ ಲೈಲ್ ತಾತ ಕಾಯ್ತಿದ್ದಾರಂತೆ, ಹೌದಾ?”

ಆರು ವರ್ಷದ ಟೆಸ್ಸಾಳಿಗೆ ಮೆಲ್ಲಗೆ ಮಾತಾಡುವುದು ಇನ್ನೂ ಬರದು. ಬಾಗಿಲ ಒಳಗಡೆ ನಿಂತಿದ್ದ ಲೈಲ್ ಕುಚೆರಾನಿಗೆ ಒಂದಕ್ಷರ ಬಿಡದೆ ಕೇಳಿಸಿತು. ಹೊರಗೆ ಪಕ್ಕದ ಮನೆಯ ಬೆತನಿ ಬೀನ್ಸು, ಮಾಂಸದ ಖಾರದ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ದಾಲ್ಚಿನ್ನಿ ಬನ್ನಿನ ಪೊಟ್ಟಣ ಮಗಳ ಕೈಯಲ್ಲಿತ್ತು.

“ಯಾರೇ ಹೇಳಿದ್ದು?”

“ಸ್ಕೂಲ್ ಬಸ್ಸಲ್ಲಿ ಎಲ್ರೂ.”

ಲೈಲ್ ಬಾಗಿಲು ತೆರೆದ. “ಹೇಳ್ಲಿ ಬಿಡಮ್ಮ. ಬಸ್ಸಲ್ಲಿ ಮಕ್ಕಳು, ಕಾಫಿ ಅಂಗಡೀಲಿ ಅವರಪ್ಪಂದಿರು. ಒಳಗೆ ಬನ್ನಿ, ಸಾರು ಆರೋಗುತ್ತೆ.”

ಹೋಲ್ಟ್ ಕ್ರೀಕ್ ಕಾಲೇಜಿನ ಫುಟ್‌ಬಾಲ್ ತಂಡದ ಸಾಮಾನು ಕೋಣೆಯನ್ನು ಇಪ್ಪತ್ತೇಳು ವರ್ಷ ನೋಡಿಕೊಂಡವನು ಲೈಲ್. ಇದು ಅಮೆರಿಕದ ಫುಟ್‌ಬಾಲ್: ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಓಡುವವನನ್ನು ಗುದ್ದಿ ಕೆಡವುವುದು. ಅಂಗಿ ಒಗೆಯುವುದು, ಭುಜದ ಕವಚ ಹೊಲಿಯುವುದು ಯಾರಿಂದಲೂ ಆದೀತು. ಹೆಲ್ಮೆಟ್ ಕೂರಿಸುವುದು ಮಾತ್ರ ಅವನದೇ ಕೈ. ಆಗಸ್ಟ್ ತಿಂಗಳಲ್ಲಿ ಹುಡುಗರು ಒಬ್ಬೊಬ್ಬರೇ ಅವನ ಸ್ಟೂಲಿನ ಮೇಲೆ ಬಂದು ಕೂರುತ್ತಿದ್ದರು. ಹೆಲ್ಮೆಟ್ ತೊಡಿಸಿ, ಮುಖದ ಮುಂದಿರುವ ಸರಳು ಹಿಡಿದು ಆಚೀಚೆ ತಿರುಗಿಸುವನು. ಹಣೆಯ ಚರ್ಮ ಹೆಲ್ಮೆಟ್ಟಿನ ಜೊತೆಗೇ ಸರಿಯಬೇಕು. ಹೆಲ್ಮೆಟ್ ಒಂದೇ ಜಾರಿದರೆ ತೆಗೆ, ಮತ್ತೆ ಮೊದಲಿನಿಂದ. ಅಷ್ಟಕ್ಕೇ ನಿಲ್ಲದೆ, ಮುಖ್ಯ ಆಟಗಾರರಿಗೆಲ್ಲ ಅದೇ ಅಳತೆಯ ಇನ್ನೊಂದನ್ನು ಮಾಡಿ, ಹಿಂದೆ ನಂಬರ್ ಅಂಟಿಸಿ, ಪರವೂರಿನ ಪಂದ್ಯಕ್ಕೆ ಹೋಗುವ ಟ್ರಕ್ಕಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಸುತ್ತಿನ ಯಾವ ಕಾಲೇಜಿನವರೂ ಹಾಗೆ ಜೋಡಿ ಇಡುವುದಿಲ್ಲ. ಅದು ಅವನ ಹೆಮ್ಮೆ.

ಹೋದ ವರ್ಷ ತಂಡ ಹತ್ತು ಪಂದ್ಯ ಸೋತಿತ್ತು. ಜನವರಿಯಲ್ಲಿ ಬೋಲ್ಟನ್ ಎಂಬ ಹೊಸ ಕೋಚ್ ಬಂದ. ಮೂವತ್ತೆಂಟರ ಪ್ರಾಯ, ಗುಡುಗಿನ ಗಂಟಲು. ಸೆಪ್ಟೆಂಬರಿನಿಂದ ಒಂದರ ಮೇಲೊಂದು ಐದು ಪಂದ್ಯ ಗೆದ್ದಾಗ ಊರಿಗೆ ಊರೇ ಅವನ ಕಾಲಿಗೆ ಬಿತ್ತು. ಚರ್ಚಿನವರು ಬೋರ್ಡಿನಲ್ಲಿ ಭಾನುವಾರದ ಪ್ರಾರ್ಥನೆಯ ಹೊತ್ತನ್ನು ಅಳಿಸಿ ಅಂಕ ಬರೆದರು. ಸುಳ್ಳೇಕೆ, ಲೈಲ್ ಕೂಡ ಮೂರನೆಯ ಗೆಲುವಿನ ದಿನ ಆ ಮನುಷ್ಯನನ್ನು ತಬ್ಬಿಕೊಂಡಿದ್ದ. ಈಗ ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ಆರನೆಯ ಪಂದ್ಯದಲ್ಲಿ ಕೋಲ್ಬಿ, ಮೂವತ್ತೊಂದನೆಯ ನಂಬರಿನ ಹುಡುಗ, ಚೆಂಡು ಅವಚಿಕೊಂಡು ಓಡುತ್ತಿದ್ದ ಎದುರಾಳಿಗೆ ತಲೆ ಕೊಟ್ಟು ಗುದ್ದಿದ. ಕೋಲ್ಬಿ ಎದ್ದು, ತನ್ನ ತಂಡದ ಕಡೆ ಬಿಟ್ಟು ನೇರ ಎದುರಾಳಿಗಳ ಬೆಂಚಿಗೆ ಹೋಗಿ ಕುಳಿತು ನೀರು ಕೇಳಿದ. ತಂಡದವರ ಗಾಯ ನೋಡಿಕೊಳ್ಳುವ ಹುಡುಗಿ ಓಡಿಹೋಗಿ ಅವನನ್ನು ಕರೆತಂದು, ಮೊದಲು ಹೆಲ್ಮೆಟ್ ಕಿತ್ತುಕೊಂಡಳು. ಅದು ಈ ಆಟದ ಹಳೇ ಪದ್ಧತಿ. ತಲೆಗೆ ಪೆಟ್ಟು ಬಿದ್ದವನ ಮಾತು ನಂಬಬಾರದು, ಹೆಲ್ಮೆಟ್ ಎತ್ತಿಡಬೇಕು. ಅದಿಲ್ಲದೆ ಯಾರೂ ಮೈದಾನಕ್ಕೆ ಇಳಿಯುವಂತಿಲ್ಲ. ಹುಡುಗಿ ಲೈಲ್‌ನ ಕೈಗೆ ಕೊಟ್ಟಳು. ಅವನು ಜಾಲರಿ ಕಪಾಟಿನಲ್ಲಿಟ್ಟು ಬೀಗ ಜಡಿದ.

ಸೋಮವಾರ ಬೋಲ್ಟನ್ ಬಂದ. “ಹುಡುಗ ಚೆನ್ನಾಗಿದ್ದಾನೆ ಲೈಲ್. ಕೀಲಿ ಕೊಡಿ.”

“ಡಾಕ್ಟರು ಅವನನ್ನ ಎದುರಿಗೆ ಕೂರಿಸ್ಕೊಂಡು ನೋಡಿ ಚೀಟಿ ಬರೀಲಿ ಕೋಚ್, ಕೊಡ್ತೀನಿ.”

“ನೀವು ಸಾಮಾನು ನೋಡ್ಕೊಳ್ಳೋರು. ತಲೆ ನೋಡ್ಕೊಳ್ಳೋರಲ್ಲ.”

“ಇಪ್ಪತ್ತೇಳು ವರ್ಷದಿಂದ ನಾನು ನೋಡ್ತಿರೋದು ತಲೇನೇ.”

ಬೋಲ್ಟನ್ ನಕ್ಕು ಹೊರಟುಹೋದ. ಗೆದ್ದೆ ಅಂದುಕೊಂಡ ಲೈಲ್.

ಶನಿವಾರ ಪರವೂರಿನಲ್ಲಿ ಪಂದ್ಯ. ಯಾರದೋ ಗಲ್ಲದ ಪಟ್ಟಿ ಸರಿಮಾಡುತ್ತಿದ್ದ ಲೈಲ್ ತಲೆಯೆತ್ತಿದರೆ ಮೈದಾನದ ನಡುವೆ ಮೂವತ್ತೊಂದು. ಕೈ ತಾನಾಗಿ ಜೇಬಿಗೆ ಹೋಯಿತು. ಕೀಲಿ ಅಲ್ಲೇ ಇತ್ತು. ಆಗ ಹೊಳೆಯಿತು: ಟ್ರಕ್ಕಿನ ಪೆಟ್ಟಿಗೆ. ಎರಡು ದಿನ ಕೂತು ಅಳತೆ ಹಿಡಿದು ತಾನೇ ಮಾಡಿಟ್ಟ ಜೋಡಿ.

ಆಟ ನಡೆಯುತ್ತಿದ್ದಂತೆಯೇ ಅವನು ಗೆರೆ ದಾಟಿ ಒಳಗೆ ನುಗ್ಗಿದ. “ತೆಗಿಯೋ ಅದನ್ನ! ತೆಗಿ!” ಎಂದು ಹುಡುಗನಿಗೂ, “ಕೊಲೆಗಡುಕ!” ಎಂದು ಬೋಲ್ಟನ್ನನಿಗೂ ಕೂಗಿದ್ದು ಪ್ರೇಕ್ಷಕರ ಕೊನೆಯ ಮೆಟ್ಟಿಲಿನವರೆಗೂ ಕೇಳಿಸಿತು. ಸೀಟಿ ಊದಿದರು. ದಂಡವೆಂದು ತಂಡವನ್ನು ಹದಿನೈದು ಗಜ ಹಿಂದಕ್ಕೆ ತಳ್ಳಿದರು. ಹೋಲ್ಟ್ ಕ್ರೀಕ್ ಮೂರು ಅಂಕದಿಂದ ಸೋತಿತು. ಭಾನುವಾರ ಕಾಲೇಜಿನವರು ಅವನಿಂದ ಕೀಲಿ ಇಸಿದುಕೊಂಡು, ಇನ್ನು ಕೆಲಸಕ್ಕೆ ಬರಬೇಡಿ ಎಂದರು. ಊರಿನ ಲೆಕ್ಕದಲ್ಲಿ ಸೋಲಿಗೆ ಕಾರಣ ಲೈಲ್ ಒಬ್ಬನೇ.

ಇವತ್ತು ಗುರುವಾರ. ನಾಡಿದ್ದು ಮತ್ತೆ ಪಂದ್ಯ, ಕೋಲ್ಬಿ ಆಡುವವರ ಪಟ್ಟಿಯಲ್ಲಿದ್ದಾನೆ.

“ಸುತ್ತ ನೂರು ಮೈಲಿಯಲ್ಲಿ ಯಾರೂ ಇಡಲ್ಲ ಆ ಜೋಡೀನ. ನಾನಿಟ್ಟೆ. ಮಹಾ ಬುದ್ಧಿವಂತ!” ಲೈಲ್ ಮೇಜು ಗುದ್ದಿದ. ಸಾರು ತುಳುಕಿತು.

ಬೆತನಿ ಒರೆಸಿದಳು. “ನೀವು ತಿನ್ನಿ ಮೊದ್ಲು. ಟೆಸ್ಸಾ, ತಾತಂಗೊಂದು ಬನ್ ಕೊಡು. ಆ ಹುಡುಗಿ ಏನಂತಾಳೆ, ಗಾಯ ನೋಡೋಳು?”

“ಆಡಿಸಬಾರದು ಅಂತ ಬರ್ಕೊಟ್ಳಂತೆ ಪಾಪ. ಬೋಲ್ಟನ್ ಗೆಳೆಯ ಯಾವನೋ ಡಾಕ್ಟರು ಫೋನಲ್ಲೇ ಸರಿಯಿದ್ದಾನೆ ಅಂದ್ನಂತೆ. ಫೋನಲ್ಲಿ! ನಾನು ಹಸು ಕೊಳ್ಳೋದಾದ್ರೂ ಬಾಯಿ ಬಿಡಿಸಿ ಹಲ್ಲು ನೋಡ್ತೀನಿ.”

ಟೆಸ್ಸಾ ಕಿಸಕ್ಕನೆ ನಕ್ಕಳು. ಲೈಲ್ ನಗಲಿಲ್ಲ.

“ಹುಡುಗನ ಹತ್ರಾನೇ ಮಾತಾಡಿದ್ರಾ?”

“ಅವನ ರೂಮಿಗೇ ಹೋಗಿದ್ದೆ. ‘ನನ್ನ ಸೀಸನ್ ಹಾಳ್ಮಾಡಿದ್ದು ನೀವೇ, ಹೋಗಿ’ ಅಂದ. ಬೈಲಿ, ಪರ್ವಾಗಿಲ್ಲ. ಬಾಗಿಲ ಮೇಲೆ ಒಂದು ಬಡಕಲು ಬಲ್ಬು ಬೆತ್, ಅದಕ್ಕೇ ಕಣ್ಣಿಗೆ ಕೈ ಅಡ್ಡ ಹಿಡ್ಕೊಂಡ. ಪೆಟ್ಟು ಬಿದ್ದು ಹನ್ನೆರಡು ದಿನ ಆಯ್ತು. ಇನ್ನೂ ಬೆಳಕು ತಡ್ಕೊಳಕ್ಕಾಗ್ತಿಲ್ಲ ಅವನಿಗೆ. ಇದರ ಮೇಲೆ ಇನ್ನೊಂದು ಗುದ್ದು ಬಿದ್ರೆ?”

ಬೆತನಿಯ ಕೈ ಮಗಳ ನೆತ್ತಿಯ ಮೇಲೆ ಹೋಗಿ ನಿಂತಿತು. “ಅವನ ತಾಯಿಗೆ ಗೊತ್ತಾ?”

ಲೈಲ್ ಚಮಚ ಕೆಳಗಿಟ್ಟ. “ಇಲ್ಲ. ಹುಡುಗ ಹೇಳಿಲ್ಲ. ಆಯಮ್ಮ ಏಳು ಗಂಟೆ ದಾರಿ ಆಚೆ ಸ್ಕೂಲ್ ಬಸ್ ಓಡಿಸ್ತಾರೆ. ನಿನ್ನೆ ಫೋನ್ ಮಾಡಿದ್ದೆ. ನೆಟ್ಟಗೇ ಶುರುಮಾಡ್ದೆ. ಬೋಲ್ಟನ್ ಹೆಸರು ಬಾಯಿಗೆ ಬಂತು ನೋಡು, ಕಿರುಚಾಡಿಬಿಟ್ಟೆ. ‘ಕುಡಿದಿದ್ದೀರಾ?’ ಅಂದು ಇಟ್ಟುಬಿಟ್ರು. ಮತ್ತೆ ಎರಡು ಸಲ ಮಾಡ್ದೆ, ಎತ್ತಲಿಲ್ಲ.”

ಅವನು ಅಂಗಿಯ ಜೇಬಿನಿಂದ ನಂಬರ್ ಬರೆದ ಚೀಟಿ ತೆಗೆದು ಮೇಜಿನ ಮೇಲೆ ಅವಳತ್ತ ಸರಿಸಿದ. ಸಿಟ್ಟು ಇನ್ನೂ ಇಳಿದಿರಲಿಲ್ಲ.

“ನೀನು ಮಾಡಮ್ಮ. ನನ್ನ ಬಾಯಿಗೆ ಬೈಗುಳ ಬಿಟ್ರೆ ಬೇರೆ ಬರಲ್ಲ. ನೀನು ಮಗೂನ ಸಾಕ್ತಿರೋಳು, ನಿನ್ನ ಮಾತು ಕೇಳ್ತಾರೆ. ಎದುರು ಬೆಂಚಿಗೆ ಹೋಗಿ ಕೂತಿದ್ದು ಹೇಳು, ಬಲ್ಬಿನ ವಿಷಯ ಹೇಳು. ನನ್ನ ಹೆಸರು ಎತ್ತಬೇಡ, ನನ್ನ ಕೆಲಸದ ಮಾತೂ ಬೇಡ. ನಾಳೆ ರಾತ್ರಿಯೊಳಗೆ ಬಂದು ಮಗನನ್ನ ಕರ್ಕೊಂಡು ಹೋಗಿ ಅನ್ನು, ಅಷ್ಟೇ.”