ಕೆಂಪು ಒರೆಸುವ ಅರಿವೆ

ಎಂಬತ್ತರ ದಶಕದ ಕೊನೆಯಲ್ಲಿ ಕಲಘಟಗಿಯ ನಮ್ಮ ಹೈಸ್ಕೂಲಿಗೆ ಒಂದು ಕಂಪ್ಯೂಟರ್ ಬಂತು. ಅದರ ಮೇಲಿನ ಹಕ್ಕು ನನ್ನದೇ ಎಂದು ನಾನು ತಿಳಿದಿದ್ದೆ. ಗಣಿತದ ಮಾಸ್ತರ ನಾನು. ಧಾರವಾಡಕ್ಕೆ ಹೋಗಿ ಹತ್ತು ದಿನ ತರಬೇತಿ ಪಡೆದವನು ನಾನು. ದಪ್ಪನೆಯ ಇಂಗ್ಲಿಷ್ ಕೈಪಿಡಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವನೂ ನಾನೇ. ಆದರೆ ಹೆಡ್ ಮಾಸ್ತರರು ಆ ಕೋಣೆಯ ಕೀಲಿಯನ್ನು ತಮ್ಮ ಮೇಜಿನ ಖಾನೆಯಲ್ಲೇ ಇಟ್ಟುಕೊಂಡರು. "ವಾರ್ಷಿಕ ಪರೀಕ್ಷಾದ ರಿಜಲ್ಟ್ ಆಗ್ಲಿ. ಯಾರ ಕೈಯಾಗ ಕೊಡಬೇಕಂತ ಆಮ್ಯಾಲೆ ನೋಡೂಣು," ಅಂದರು.

ಯಾರ ಕೈಯಲ್ಲಿ ಅಂದರೆ, ನನ್ನ ಕೈಯಲ್ಲೋ ಚಿತ್ರಕಲೆ ಕಲಿಸುವ ಅಕ್ಕೋರ ಕೈಯಲ್ಲೋ ಎಂದು. ಚಿತ್ರಕಲೆ! ಇಂಥದೊಂದು ಪ್ರಶ್ನೆ ಹುಟ್ಟಿತಲ್ಲ ಎಂಬುದಕ್ಕೇ ನನ್ನ ಮೈ ಉರಿಯುತ್ತಿತ್ತು.

ಅಂಕಪಟ್ಟಿಯ ಪ್ರೋಗ್ರಾಂ ಬರೆದದ್ದು ನಾನು. ಕಮಾಂಡ್ ಕೊಟ್ಟರೆ ಸಾಕು, ಕಪ್ಪು ಪರದೆಯ ಮೇಲೆ ನಂಬರು, ಹೆಸರು, ಅಂಕ ಎಲ್ಲ ಬೆಳ್ಳಗೆ ಸಾಲಾಗಿ ಇಳಿಯುತ್ತಿದ್ದವು. ಒಂದು ಅಂಕಿಯೂ ತಪ್ಪಿರಲಿಲ್ಲ. ಮೊದಲ ಕಿರುಪರೀಕ್ಷೆ ಮುಗಿದಾಗ ಪಾಲಕರನ್ನು ಕರೆದು ತೋರಿಸಿದೆವು. ಅವರು ಆಕಳಿಸಿದರು. ಪರದೆಯ ಮೇಲಿದ್ದದ್ದು ಇಂಗ್ಲಿಷು; ಬಂದವರಲ್ಲಿ ಅರ್ಧದಷ್ಟು ಜನಕ್ಕೆ ಕನ್ನಡವೂ ಓದಲು ಬರುತ್ತಿರಲಿಲ್ಲ.

ಅಕ್ಕೋರು ಊರಿನವರೇ, ತೊಟ್ಟಿಲಿಗೆ ಬಣ್ಣ ಬರೆಯುವ ಮನೆಯಲ್ಲಿ ಬೆಳೆದವರು. ಒಂದು ದಿನ ನನ್ನ ಕೈಪಿಡಿ ಕಡ ಒಯ್ದವರು ಅದರ ಕೊನೆಯ ಪುಟದ ಮೇಲೆ ಬೆರಳಿಟ್ಟುಕೊಂಡು ಬಂದರು.

"ಸರ, ಈ ಎರಡ ಸಾಲು ಏನ್ ಹೇಳ್ತಾವ್ರಿ?"

ಆ ಪುಟದವರೆಗೆ ನಾನೇ ಓದಿರಲಿಲ್ಲ. "ಇಂತಿಂಥಾ ಅಂಕಿ ಕಳಿಸಿದ್ರ ಪರದೆ ಮ್ಯಾಲಿನ ಅಕ್ಷರ ಕೆಂಪ ಆಗ್ತಾವ, ಹಸರ ಆಗ್ತಾವ ಅಂತ ಐತ್ರಿ. ಆಟಗಿ ಸಾಮಾನು. ನಿಮಗ್ಯಾಕ ಬೇಕು?" ಅಂದೆ. ನನ್ನ ಬಾಯಿಂದಲೇ ಹೇಳಿಕೊಟ್ಟೆ ನೋಡಿ!

ಅರ್ಧವಾರ್ಷಿಕದ ಹೊತ್ತಿಗೆ ನನ್ನ ಪ್ರೋಗ್ರಾಮಿಗೆ ಅವರು ನಾಲ್ಕೇ ಸಾಲು ಸೇರಿಸಿದ್ದರು. ಫಸ್ಟ್ ಕ್ಲಾಸ್ ಬಂದವರ ಸಾಲು ಹಸಿರು, ನಪಾಸಾದವರದು ಕೆಂಪು, ಬರೀ ಪಾಸಾದವರದು ಮೊದಲಿನಂತೆ ಬಿಳಿ. ಬಣ್ಣದ ಸಾಲು ಮುಗಿದ ಕೂಡಲೇ ಒಂದು ಸೊನ್ನೆಯ ಸಂಕೇತ ಕಳಿಸಬೇಕು. ಅದನ್ನು ಕಳಿಸಿದರೆ ಅಕ್ಷರ ಮತ್ತೆ ಬಿಳಿಗೆ ಮರಳುತ್ತದೆ.

"ಇದು ಒರಸೂ ಅರಿವಿ ಇದ್ದಂಗ್ರಿ," ಎಂದು ಅಕ್ಕೋರು ಹೆಡ್ ಮಾಸ್ತರರಿಗೆ ವಿವರಿಸಿದರು. "ತೊಟ್ಟಲಾ ಬರಿಯೂ ಮುಂದ ಒಂದ ಬಣ್ಣ ಮುಗದ ಕೂಡ್ಲೆ ಕುಂಚ ಅರಿವಿಗೆ ಒರಸಬೇಕು. ಇಲ್ಲಾಂದ್ರ ಹಿಂದಿನ ಬಣ್ಣ ಮುಂದಿನ ಗೊಂಬಿಗೆ ಹತ್ತತೈತಿ. ಒರಸೂದು ಮರತ್ರ ನಮ್ಮಪ್ಪ ಕೈ ಮ್ಯಾಲೆ ಬಿಡ್ತಿದ್ದ."

ಆ ಸಲ ಪಾಲಕರು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ನಿಂತರು. ಅಕ್ಕೋರು ನಂಬರು ಕೂಗಿ, ಆ ಸಾಲಿನ ಕೆಳಗೆ ಫೂಟುಪಟ್ಟಿ ಹಿಡಿಯುತ್ತಿದ್ದರು. "ನಮ್ದು ಹಸರ!" ಎಂದು ಒಬ್ಬ ಮುದುಕ ಕುಣಿದೇಬಿಟ್ಟ. ದುಮ್ಮವಾಡದ ಒಬ್ಬ ತಾಯಿ ಮಗಳ ಸಾಲು ಕೆಂಪಗಿದ್ದುದನ್ನು ಕಂಡು, "ವಾರ್ಷಿಕದಾಗೂ ಕೆಂಪ ಬಂದ್ರ ಆಕಿ ಸಾಲಿ ಬಿಡಸ್ತೀನ್ರಿ, ಮನ್ಯಾಗ ಕೆಲಸ ಐತಿ," ಎಂದು ಹೇಳಿ ಹೋದಳು. ಹೊಗಳಿಕೆಯೆಲ್ಲ ಅಕ್ಕೋರಿಗೆ. ಲೆಕ್ಕ ಮಾಡಿದವರು ಯಾರು ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ಮೂಲೆಯಲ್ಲಿ ನಿಂತು ನಾನು ಹಲ್ಲು ಕಡಿದೆ.

ವಾರ್ಷಿಕ ಫಲಿತಾಂಶದ ಹಿಂದಿನ ದಿನ, ಊಟದ ಬಿಡುವಿನಲ್ಲಿ, ಅಂಕ ತುಂಬುವ ನೆಪ ಹೇಳಿ ಕೀಲಿ ಇಸಿದುಕೊಂಡೆ. ಪ್ರೋಗ್ರಾಂ ತೆರೆದು ಕೆಂಪು ಸಾಲಿನ ಕೊನೆಗಿದ್ದ ಸೊನ್ನೆಯ ಸಂಕೇತವನ್ನು ತೆಗೆದೆ. ಹಸಿರಿನದನ್ನು ಮುಟ್ಟಲಿಲ್ಲ; ಒಂದೇ ಕಡೆ ತಪ್ಪಿದ್ದರೆ ಅಕ್ಕೋರ ಮರೆವು ಎನಿಸುತ್ತದೆ ಎಂಬಷ್ಟು ಜಾಣತನ ಇತ್ತು. ನಡೆಸಿ ನೋಡಿದೆ. ಒಬ್ಬ ನಪಾಸಾದರೆ ಅವನ ಹಿಂದೆ ಬಂದ ಪಾಸಾದವರೆಲ್ಲ, ಇನ್ನೊಂದು ಹಸಿರು ಸಾಲು ಬರುವವರೆಗೆ, ಕೆಂಪು. ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಖುಷಿಯಾಯಿತು.

ಮರುದಿನ ದುಮ್ಮವಾಡದ ತಾಯಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಫೂಟುಪಟ್ಟಿ ಅವಳ ಮಗಳ ಸಾಲಿನ ಕೆಳಗೆ ಬಂತು. ಸಾಲು ಕೆಂಪಗಿತ್ತು.

"ಇರ್ರಿ, ಏನೋ ತಪ್ಪೈತಿ," ಎಂದು ಅಕ್ಕೋರು ತಡವರಿಸಿದರು. ಹೆಡ್ ಮಾಸ್ತರರ ಹುಬ್ಬು ಗಂಟಾಯಿತು. ನಾನು ಕಾದಿದ್ದ ಗಳಿಗೆ ಅದೇ. ಗಂಟಲು ಸರಿಪಡಿಸಿಕೊಂಡು ಮುಂದೆ ಬಂದೆ.

"ಬಣ್ಣಾ ಬಿಡ್ರಿ. ಅಂಕಾ ಓದ್ತೀನಿ ಕೇಳ್ರಿ. ನಲವತ್ತೊಂದು, ಮೂವತ್ತೆಂಟು, ನಲವತ್ನಾಕು... ಎಲ್ಲಾದ್ರಾಗೂ ಪಾಸ್ ಅದಾಳ ನಿಮ್ಮ ಮಗಳು."

ಆಕೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಸಮಾಧಾನಕ್ಕ ಹೇಳಬ್ಯಾಡ್ರಿ ಸರ. ಓದಾಕ ಬರಂಗಿಲ್ಲ ಖರೆ, ಕಣ್ಣ ಅದಾವಲ್ರಿ ನನಗ. ಕೆಂಪ ಐತಿ." ಸೆರಗು ಸರಿಮಾಡಿಕೊಂಡು ಬಾಗಿಲಿನ ಕಡೆ ನಡೆದಳು.

"ನಿಂದರ್ರಿ! ಪಾಸ್ ಅದಾಳ ಅಂತ ಹೇಳಾಕತ್ತೀನಲ್ರಿ!"

"ಬಸ್ ಹೋಗತೈತ್ರಿ," ಎಂದಳು, ನಿಲ್ಲದೆ.

ಆಕೆ ಬಸ್ಸು ಹತ್ತಿದರೆ ಹುಡುಗಿಯ ಶಾಲೆ ಅಲ್ಲಿಗೇ ಮುಗಿಯಿತು. ಕುರ್ಚಿ ಎಳೆದುಕೊಂಡು ಕೂತೆ, ಪ್ರೋಗ್ರಾಂ ತೆರೆದೆ, ನೆಟ್ಟಗೆ ಆ ಸಾಲಿಗೇ ಹೋಗಿ ಸೊನ್ನೆಯ ಸಂಕೇತ ಹಾಕಿ ಕಮಾಂಡ್ ಕೊಟ್ಟೆ. ಹುಡುಗಿಯ ಸಾಲು ಬೆಳ್ಳಗೆ ಇಳಿಯಿತು. "ಅವ್ವಾ, ಈಗರ ಬಂದು ನೋಡ್ರಿ!" ಎಂದು ಕೂಗಿದೆ. ಹೊಸ್ತಿಲು ದಾಟಿದ್ದವಳು ಹಿಂದಿರುಗಿ ಬಂದು ಗಾಜಿನ ಮೇಲೆ ಬೆರಳಿಟ್ಟಳು. "ಬಿಳೇದ ಐತಿ," ಎಂದು ನಕ್ಕಳು. ಆ ನಗು ಕೂಡ ಅಕ್ಕೋರ ಕಡೆಗೇ ತಿರುಗಿತ್ತು.

"ಭಲೆ ಮಾಸ್ತರ!" ಎಂದರು ಹೆಡ್ ಮಾಸ್ತರರು. "ತಪ್ಪು ಎಲ್ಲೈತಿ ಅಂತ ಹುಡುಕೂದೂ ಬೇಕಾಗ್ಲಿಲ್ಲ ನೋಡ್ರಿ ನಿಮಗ!" ಎಲ್ಲರ ಎದುರಿಗೆ ಕೀಲಿಯನ್ನು ನನ್ನ ಅಂಗೈಯಲ್ಲಿ ಇಟ್ಟರು.

ಆ ಮಾತು ಅಕ್ಕೋರ ಕಿವಿಗೂ ಬಿತ್ತು. ಜನ ಕರಗಿದ ಮೇಲೆ ಅವರು ಹತ್ತಿರ ಬಂದು ಸಣ್ಣ ದನಿಯಲ್ಲಿ, "ಅರಿವಿ ತಗದಾವರಿಗೇ ಗೊತ್ತಿರತೈತ್ರಿ ಸರ, ಅದು ಎಲ್ಲಿತ್ತಂತ," ಎಂದರು. ಅವರು ಅದನ್ನು ಯಾರಿಗೂ ಹೇಳಲಿಲ್ಲ, ನನ್ನೊಡನೆ ಇನ್ನೊಮ್ಮೆ ಎತ್ತಲೂ ಇಲ್ಲ.

ಕೀಲಿ ವರ್ಷಗಟ್ಟಲೆ ನನ್ನ ಜೇಬಿನಲ್ಲೇ ಇತ್ತು. ಪ್ರತಿ ಫಲಿತಾಂಶದ ದಿನ ಬೇಗ ಹೋಗಿ ಬಾಗಿಲು ತೆರೆದು ಪರದೆಯ ಮುಂದೆ ಕೂತಿರುತ್ತಿದ್ದೆ. ಪಾಲಕರು ಹೊಸ್ತಿಲಲ್ಲೇ ನಿಂತು ಒಳಗೆ ಇಣುಕಿ, "ಬಣ್ಣದ ಅಕ್ಕೋರು ಇನ್ನೂ ಬಂದಿಲ್ಲೇನ್ರಿ?" ಎಂದು ನನ್ನನ್ನೇ ಕೇಳುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು. ಎದ್ದು ಹೋಗಿ ಅಕ್ಕೋರನ್ನು ಕರೆದುಕೊಂಡು ಬರುತ್ತಿದ್ದವನೂ ನಾನೇ.